ಪರಮಾಣು ತೂಗಿದ ಆಸ್ಟನ್

ಮಾಸ್ ಸ್ಪೆಕ್ಟ್ರೋಮೀಟರ್ ಅಂದ ತಕ್ಷಣ ನಮಗೆ ನೆನಪಾಗೋದು ಟೆಕ್ಸ್ಟ್‌ಬುಕ್‌ನ ಒಂದು ಡಯಾಗ್ರಾಮ್. ಅದರ ಹಿಂದೆ ಇರೋ ಮನುಷ್ಯ ಫ್ರಾನ್ಸಿಸ್ ವಿಲಿಯಂ ಆಸ್ಟನ್.

ಅವರು ಹುಟ್ಟಿದ್ದು 1877ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಕ್ಕದ ಹಾರ್ಬೋರ್ನ್‌ನಲ್ಲಿ. ಕೆಮಿಸ್ಟ್ರಿ ಓದಿ, 1900ರಿಂದ ಮೂರು ವರ್ಷ ಬಿಯರ್ ತಯಾರಿಸೋ ಕಂಪನಿಯಲ್ಲಿ ಕೆಲಸ ಮಾಡಿದರು. ಆದರೆ ಮನಸ್ಸೆಲ್ಲ ಇದ್ದದ್ದು ವ್ಯಾಕ್ಯೂಮ್ ಟ್ಯೂಬ್‌ಗಳ ಮೇಲೆ. ಗಾಜು ಊದಿ ಬೇಕಾದ ಉಪಕರಣ ತಾವೇ ಮಾಡಿಕೊಳ್ಳುತ್ತಿದ್ದರು.

1910ರಲ್ಲಿ ಕೇಂಬ್ರಿಡ್ಜ್‌ಗೆ ಹೋಗಿ ಜೆ.ಜೆ. ಥಾಮ್ಸನ್ ಅವರ ಸಹಾಯಕರಾದರು. ಅಲ್ಲಿ ನಿಯಾನ್ ಗ್ಯಾಸ್ ತಲೆ ಕೆಡಿಸಿತ್ತು. ಅದರ ತೂಕ 20.2, ಆದರೆ ಪ್ಲೇಟ್ ಮೇಲೆ 20 ಮತ್ತು 22 ಅಂತ ಎರಡು ಗುರುತು! ಎರಡು ಬೇರೆ ಗ್ಯಾಸಾ, ಒಂದೇ ನಿಯಾನ್‌ನ ಎರಡು ರೂಪನಾ? ಉತ್ತರ ಸಿಗೋ ಮೊದಲೇ ಯುದ್ಧ ಬಂತು. ಆಸ್ಟನ್ ಫಾರ್ನ್‌ಬರೋದಲ್ಲಿ ವಿಮಾನದ ಬಟ್ಟೆಗೆ ಹಚ್ಚೋ ಲೇಪನದ ಕೆಲಸಕ್ಕೆ ಹೋದರು.

ವಾಪಸ್ ಬಂದು 1919ರಲ್ಲಿ ಮಾಸ್ ಸ್ಪೆಕ್ಟ್ರೋಗ್ರಾಫ್ ಕಟ್ಟಿದರು. ಅಯಾನುಗಳನ್ನ ಮೊದಲು ಎಲೆಕ್ಟ್ರಿಕ್ ಫೀಲ್ಡ್, ಆಮೇಲೆ ಮ್ಯಾಗ್ನೆಟಿಕ್ ಫೀಲ್ಡ್ ಬಾಗಿಸುತ್ತೆ. ವೇಗ ಸ್ವಲ್ಪ ಹೆಚ್ಚು ಕಡಿಮೆ ಇದ್ದರೂ ಒಂದೇ ತೂಕದವು ಒಂದೇ ಕಡೆ ಬಂದು ಬೀಳುತ್ತವೆ. ನಿಯಾನ್‌ಗೆ ಐಸೋಟೋಪ್‌ಗಳಿವೆ ಅನ್ನೋದು ಖಚಿತವಾಯ್ತು. 1922ರಲ್ಲಿ ಕೆಮಿಸ್ಟ್ರಿ ನೊಬೆಲ್ ಬಂತು. ಒಟ್ಟು 212 ಐಸೋಟೋಪ್‌ಗಳನ್ನ ಗುರುತಿಸಿದ ಅವರು 1945ರ ನವೆಂಬರ್ 20ರಂದು ಕೇಂಬ್ರಿಡ್ಜ್‌ನಲ್ಲಿ ತೀರಿಕೊಂಡರು.

ಒಂದು ಕಾಕತಾಳೀಯ ನೋಡಿ. ಇವತ್ತು ಲಕ್ಷಾಂತರ ಶುಗರ್ ಪೇಷೆಂಟ್‌ಗಳು ನುಂಗೋ ಮೆಟ್‌ಫಾರ್ಮಿನ್ ಮೊದಲು ತಯಾರಾಗಿದ್ದು ಅದೇ 1922ರಲ್ಲಿ, ಡಬ್ಲಿನ್‌ನಲ್ಲಿ. ಆಸ್ಟನ್ ಅವರ ಮಷಿನ್‌ಗೆ ರಕ್ತದ ಸ್ಯಾಂಪಲ್ ಹಾಕೋಕೆ ಆಗ್ತಿರಲಿಲ್ಲ. ದ್ರಾವಣದಲ್ಲಿರೋ ದೊಡ್ಡ ಅಣುಗಳನ್ನ ಒಡೆಯದೆ ಅಯಾನು ಮಾಡೋ ಎಲೆಕ್ಟ್ರೋಸ್ಪ್ರೇ ವಿಧಾನವನ್ನ 1980ರ ದಶಕದಲ್ಲಿ ಜಾನ್ ಫೆನ್ ಬೆಳೆಸಿದರು. ಆಮೇಲೆ ದಾರಿ ಸುಲಭವಾಯ್ತು.

ಈಗ ಇದರ ಬೆಲೆ ಆಸ್ಪತ್ರೆಯಲ್ಲಿ ಗೊತ್ತಾಗುತ್ತೆ. ಡಯಾಬಿಟಿಸ್ ಇಲ್ಲದವರಿಗೂ ಪದೇ ಪದೇ ಶುಗರ್ ಇಳಿದು ತಲೆಸುತ್ತು ಬಂದರೆ, ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇದ್ದರೆ, ಎರಡು ಅನುಮಾನ: ಪ್ಯಾಂಕ್ರಿಯಾಸ್‌ನಲ್ಲಿ ಗೆಡ್ಡೆ, ಇಲ್ಲಾಂದ್ರೆ ಮನೆಯಲ್ಲಿ ಅದಲುಬದಲಾಗಿ ನುಂಗಿದ ಶುಗರ್ ಮಾತ್ರೆ. ಮಾಮೂಲಿ ಟೆಸ್ಟ್‌ಗಳಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಮಾಸ್ ಸ್ಪೆಕ್ಟ್ರೋಮೀಟರ್ ಮಾತ್ರ ತೂಕ ನೋಡುತ್ತೆ. ಗ್ಲಿಬೆನ್‌ಕ್ಲಮೈಡ್ ಮಾತ್ರೆಯ ಅಯಾನು 494ರಲ್ಲಿ, ಅದನ್ನ ಒಡೆದಾಗ ಬರೋ ತುಂಡು 369ರಲ್ಲಿ ಕಂಡರೆ, ಮಾತ್ರೆ ಸಿಕ್ಕಿಬಿತ್ತು. ಇಲ್ಲದ ಗೆಡ್ಡೆ ಹುಡುಕಿ ಹೊಟ್ಟೆ ಕೊಯ್ಯೋದು ತಪ್ಪುತ್ತೆ.

ನಿಯಾನ್ ಹಿಂದೆ ಬಿದ್ದ ಆಸ್ಟನ್ ಇದನ್ನೆಲ್ಲ ಯೋಚಿಸಿರಲಿಕ್ಕಿಲ್ಲ. ಅವರಿಗೆ ಬೇಕಾಗಿದ್ದು 20 ಮತ್ತು 22ರ ಲೆಕ್ಕ, ಅಷ್ಟೇ.