ಅಗಸ್ಟೀನನ ತಾಯಿ

ಕ್ರೈಸ್ತ ತತ್ತ್ವಚಿಂತಕರಲ್ಲಿ ಸಂತ ಅಗಸ್ಟೀನನ ಹೆಸರು ಲೋಕವಿಖ್ಯಾತವಾದುದು. ಆತನ ತಾಯಿ ಮೋನಿಕಾ ಯಾವ ಗ್ರಂಥವನ್ನೂ ಬರೆದವಳಲ್ಲ. ಆಕೆಯ ಬಾಳು ನಮಗೆ ತಿಳಿದಿರುವುದು ಬಹುಮಟ್ಟಿಗೆ ಮಗನು ಬರೆದ ಆತ್ಮಕಥೆಯಿಂದ.

ಕ್ರಿ. ಶ. 331ರ ಸುಮಾರಿಗೆ ಹುಟ್ಟಿದ ಈಕೆ ಬಾಳಿದುದು ಉತ್ತರ ಆಫ್ರಿಕದ ತಗಾಸ್ತೆ ಎಂಬ ಊರಿನಲ್ಲಿ. ಅದು ಇಂದಿನ ಅಲ್ಜೀರಿಯಕ್ಕೆ ಸೇರಿದೆ. ಬಾಲ್ಯದಲ್ಲಿ, ಪೀಪಾಯಿಯಿಂದ ದ್ರಾಕ್ಷಾರಸ ತರಲು ಹೋದಾಗಲೆಲ್ಲ ಕದ್ದು ಕುಡಿಯುವ ಚಟ ಆಕೆಗೆ ಅಂಟಿತ್ತು. ಒಮ್ಮೆ ಮನೆಯ ದಾಸಿಯೊಬ್ಬಳು ಜಗಳದಲ್ಲಿ ಅದನ್ನೆತ್ತಿ ಹೀಯಾಳಿಸಿದಳು. ಆಡಿದವಳು ದಾಸಿಯೆಂದು ಆ ಮಾತನ್ನು ತಳ್ಳಿಹಾಕದೆ, ಮೋನಿಕಾ ತನ್ನ ತಪ್ಪನ್ನು ಕಂಡುಕೊಂಡು ಅಂದೇ ಅದನ್ನು ಬಿಟ್ಟಳು. ಮುಂದೆ ಈ ಸಂಗತಿಯನ್ನು ಮಗನಿಗೆ ತಿಳಿಸಿದವಳೂ ಆಕೆಯೇ.

ಪತಿ ಪತ್ರೀಸಿಯಸ್ ಅನ್ಯಮತೀಯ, ಮುಂಗೋಪಿ. ಆತನ ಕೋಪವಿಳಿಯುವವರೆಗೆ ಆಕೆ ಎದುರಾಡುತ್ತಿರಲಿಲ್ಲ. ಶಾಂತನಾದ ಮೇಲೆ ತಿಳಿಯಹೇಳುತ್ತಿದ್ದಳು. ಬಾಳಿನ ಕೊನೆಗಾಲದಲ್ಲಿ ಆತನೂ ಕ್ರೈಸ್ತನಾದನು.

ಅಗಸ್ಟೀನನು ಹುಟ್ಟಿದುದು 354ರಲ್ಲಿ. ತಂದೆ ತೀರಿಕೊಂಡ ಮೇಲೂ ಕಾರ್ಥೇಜಿನಲ್ಲಿದ್ದ ಮಗನ ವಿದ್ಯಾಭ್ಯಾಸಕ್ಕೆ ತಾಯಿ ಹಣವೊದಗಿಸಿದಳು. ವಿದ್ಯೆ ಬಂದಿತು, ಆದರೆ ಮಗನು ದೂರವಾದನು. ಅದಕ್ಕೆ ಮೊದಲೇ, ಹದಿನಾರರ ಹರೆಯದಲ್ಲಿ, ತಾಯಿಯ ಬುದ್ಧಿವಾದವನ್ನು ಹೆಂಗಸರ ಮಾತೆಂದು ಕಡೆಗಣಿಸಿದ್ದವನು ಈಗ ಆಕೆಯ ಮತವನ್ನೂ ಬಿಟ್ಟು ಮಾನಿಯ ಪಂಥವನ್ನು ಸೇರಿದನು. ಮೊದಲು ಆಕೆ ಅವನನ್ನು ಊಟದ ಪಂಕ್ತಿಗೂ ಸೇರಿಸಲಿಲ್ಲ. ಆಮೇಲೆ ಒಂದು ಕನಸಿನಿಂದ ಧೈರ್ಯ ತಾಳಿ ಮರಳಿ ಮನೆಗೆ ಬರಮಾಡಿಕೊಂಡಳು. 383ರಲ್ಲಿ ಅವನು ತಾಯಿಗೆ ಸುಳ್ಳು ಹೇಳಿ, ರಾತ್ರೋರಾತ್ರಿ ಹಡಗನ್ನೇರಿ ರೋಮಿಗೆ ಹೊರಟುಹೋದನು. ಆಕೆ ಕಡಲು ದಾಟಿ, ಮಗನು ನೆಲೆಸಿದ್ದ ಮಿಲಾನ್ ನಗರಕ್ಕೇ ಬಂದಳು.

ಅಲ್ಲಿ ಒಂದು ದಿನ, ಆಫ್ರಿಕದ ರೂಢಿಯಂತೆ, ಧರ್ಮಕ್ಕಾಗಿ ಪ್ರಾಣತೆತ್ತವರ ಸಮಾಧಿಗಳಿಗೆ ರೊಟ್ಟಿ, ದ್ರಾಕ್ಷಾರಸಗಳನ್ನು ಕೊಂಡೊಯ್ದಳು. ದ್ವಾರಪಾಲಕನು ತಡೆದನು. ಅದು ಬಿಷಪ್ ಆಂಬ್ರೋಸರ ಅಪ್ಪಣೆಯೆಂದು ತಿಳಿದೊಡನೆ, ಬಹುಕಾಲದ ರೂಢಿಯನ್ನು ಮರುಮಾತಿಲ್ಲದೆ ಬಿಟ್ಟಳು. ಇದನ್ನು ಕಂಡು ಮಗನು ಬೆರಗಾದನು. ವಾದದಿಂದ ಅವನನ್ನು ಗೆಲ್ಲುವ ಪಾಂಡಿತ್ಯ ಆಕೆಯಲ್ಲಿರಲಿಲ್ಲ. ತನ್ನನ್ನು ತಾನು ತಿದ್ದಿಕೊಳ್ಳುವ ವಿನಯವಿತ್ತು.

ಆಕೆಯೂ ದೋಷರಹಿತಳಲ್ಲ. ಮಗನಿಗೆ ಮದುವೆ ಗೊತ್ತುಮಾಡಲು ಆಕೆ ಮುಂದಾದಾಗ, ಅವನ ಮಗುವಿನ ತಾಯಿ ಒಬ್ಬಳೇ ಆಫ್ರಿಕಕ್ಕೆ ಮರಳಬೇಕಾಯಿತು. ಓದುವವರ ಮನಸ್ಸಿಗೆ ಇದು ನೋವುಂಟುಮಾಡುತ್ತದೆ.

386ರಲ್ಲಿ ಅಗಸ್ಟೀನನ ಮನಸ್ಸು ತಿರುಗಿತು. ಮಿತ್ರರೊಡನೆ ನಡೆಸಿದ ತತ್ತ್ವಚರ್ಚೆಗಳಲ್ಲಿ ತಾಯಿಯನ್ನೂ ಕೂಡಿಸಿಕೊಂಡು, ಆಕೆಯ ಅಭಿಪ್ರಾಯಗಳನ್ನು ತನ್ನ ಗ್ರಂಥಗಳಲ್ಲಿ ಗೌರವದಿಂದ ದಾಖಲಿಸಿದನು. 387ರ ಈಸ್ಟರಿನಲ್ಲಿ ದೀಕ್ಷಾಸ್ನಾನ ಪಡೆದನು. ಅದೇ ವರ್ಷ ಊರಿಗೆ ಮರಳುವ ದಾರಿಯಲ್ಲಿ, ಓಸ್ತಿಯ ಬಂದರಿನಲ್ಲಿ, ಮೋನಿಕಾ ತನ್ನ 56ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಪತಿಯ ಪಕ್ಕದಲ್ಲಿ ಸಿದ್ಧಪಡಿಸಿಕೊಂಡಿದ್ದ ಸಮಾಧಿಯ ಆಸೆಯನ್ನೂ ಆಗ ತೊರೆದಿದ್ದಳು.

ಹೆತ್ತವರಿಗಿಂತ ಹೆಚ್ಚು ಓದಿದ ನಮ್ಮಂಥವರಿಗೆ ಅಗಸ್ಟೀನನ ಹರೆಯದ ಆ ತಾತ್ಸಾರ ಅಪರಿಚಿತವಲ್ಲ. ಅದನ್ನು ಕಳೆದುಕೊಳ್ಳಲು ಅವನಿಗೆ ಹದಿನಾರು ವರ್ಷಗಳು ಬೇಕಾದವು. ಆಮೇಲೆ ತಾಯಿ ಅವನೊಡನೆ ಇದ್ದುದು ಒಂದೇ ಒಂದು ವರ್ಷ.