ಜೂಲ್ ಅವರ ಬದುಕು ತಿದ್ದಿದ ನನ್ನ ಪಾಠ

ಹತ್ತನೇ ತರಗತಿಗೆ ವಿದ್ಯುಚ್ಛಕ್ತಿ ಪಾಠ ಮಾಡುವಾಗ, ಸೆಲ್ಲಿನಲ್ಲಿ 1.5 ವೋಲ್ಟ್ ಶಕ್ತಿ ಇದೆ ಎಂದು ಕಪ್ಪುಹಲಗೆಯ ಮೇಲೆ ಬರೆದುಬಿಟ್ಟೆ. ಗಡಿಯಾರದ ಸಣ್ಣ ಸೆಲ್ಲಿನ ಮೇಲೂ ಟಾರ್ಚಿನ ದಪ್ಪ ಸೆಲ್ಲಿನ ಮೇಲೂ 1.5 ಎಂದೇ ಇದೆಯಲ್ಲ, ಎರಡರಲ್ಲೂ ಅಷ್ಟೇ ಶಕ್ತಿಯೇ ಎಂದು ಒಬ್ಬ ಹುಡುಗ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆಂದು ಅವನನ್ನು ಕೂರಿಸಿದೆ. ಮರುದಿನ ಸೂತ್ರ ಬರೆಯದೆ, ಜೇಮ್ಸ್ ಪ್ರೆಸ್ಕಾಟ್ ಜೂಲ್ ಅವರ ಜೀವನದಿಂದ ಪಾಠ ಆರಂಭಿಸಿದೆ.

ಜೂಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ. ತಂದೆಗೆ ಬಿಯರ್ ಕಾರ್ಖಾನೆಯಿತ್ತು. ಬಾಲ್ಯದಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಒಬ್ಬರು. ಜೂಲ್ ಪ್ರಾಧ್ಯಾಪಕರಾಗಲಿಲ್ಲ, ಕಾರ್ಖಾನೆಯ ಕೆಲಸದ ಜೊತೆಗೇ ಪ್ರಯೋಗ ನಡೆಸಿದರು. ಉಗಿಯಂತ್ರಕ್ಕೆ ಬದಲಾಗಿ ಬ್ಯಾಟರಿಯ ಮೋಟಾರು ಇಟ್ಟರೆ ಲಾಭವೇ ಎಂಬುದು ಅವರ ಮೊದಲ ಪ್ರಶ್ನೆ. ಬ್ಯಾಟರಿಯಲ್ಲಿ ಇಷ್ಟು ಸತು ಸವೆದರೆ ಎಷ್ಟು ಭಾರ ಎಷ್ಟು ಎತ್ತರಕ್ಕೆ ಏರುತ್ತದೆ ಎಂದು ಲೆಕ್ಕ ಹಾಕಿ, ಕಲ್ಲಿದ್ದಲೇ ಅಗ್ಗವೆಂದು ಕಂಡುಕೊಂಡರು. ತಂತಿಯಲ್ಲಿ ಹುಟ್ಟುವ ಉಷ್ಣ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬ ಅವರ ನಿಯಮ 1841ರಲ್ಲಿ ಪ್ರಕಟವಾಯಿತು.

ಕೆಲಸವೇ ಉಷ್ಣವಾಗುತ್ತದೆಂದು 1843ರಲ್ಲಿ ಕಾರ್ಕ್ ನಗರದ ವಿಜ್ಞಾನ ಸಭೆಯಲ್ಲಿ ಹೇಳಿದಾಗ ಹೆಚ್ಚು ಜನ ಕಿವಿಗೊಡಲಿಲ್ಲ. ಜೂಲ್ ಬಿಡಲಿಲ್ಲ. ಭಾರಗಳನ್ನು ಕೆಳಗಿಳಿಸಿ, ಅವುಗಳ ದಾರದಿಂದ ನೀರಿನೊಳಗಿನ ರೆಕ್ಕೆಚಕ್ರ ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ಮತ್ತೆ ಮತ್ತೆ ಅಳೆದರು. 1847ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ತರುಣ ವಿಲಿಯಂ ಥಾಮ್ಸನ್ ಅವರ ಮಾತಿಗೆ ಗಮನ ಕೊಟ್ಟರು.

ಇಲ್ಲಿ ಕಥೆ ನಿಲ್ಲಿಸಿ ಹುಡುಗನ ಪ್ರಶ್ನೆಗೆ ಬಂದೆ. ಒಂದೇ ಎತ್ತರದಿಂದ 1 ಕಿಲೋ ಕಲ್ಲು, 5 ಕಿಲೋ ಕಲ್ಲು ಇಳಿದರೆ ಯಾವುದು ನೀರನ್ನು ಹೆಚ್ಚು ಬಿಸಿ ಮಾಡುತ್ತದೆ ಎಂದು ಕೇಳಿದೆ. 5 ಕಿಲೋ ಎಂದು ತರಗತಿಯೇ ಹೇಳಿತು. ವೋಲ್ಟ್ ಎತ್ತರದಂತೆ, ಆವೇಶ ಭಾರದಂತೆ, ಜೂಲ್ ಎರಡರ ಗುಣಲಬ್ಧದಂತೆ. 1.5 ವೋಲ್ಟ್ ಎಂದರೆ ಪ್ರತಿ ಕೂಲಂಬ್ ಆವೇಶಕ್ಕೆ 1.5 ಜೂಲ್ ಶಕ್ತಿ. ಸಣ್ಣ ಸೆಲ್ 2000 ಕೂಲಂಬ್ ಕೊಟ್ಟರೆ 3000 ಜೂಲ್, ದಪ್ಪ ಸೆಲ್ 10000 ಕೂಲಂಬ್ ಕೊಟ್ಟರೆ 15000 ಜೂಲ್ ಎಂದು ಲೆಕ್ಕ ಮಾಡಿಸಿದೆ.

ವೋಲ್ಟಾ ಅವರ ಹೆಸರಿನ ವೋಲ್ಟ್ ಅನ್ನು 1881ರಲ್ಲಿ, ಜೂಲ್ ಅನ್ನು 1889ರಲ್ಲಿ ಪ್ಯಾರಿಸ್‌ನ ಅಂತರರಾಷ್ಟ್ರೀಯ ಸಮ್ಮೇಳನಗಳು ಒಪ್ಪಿದವು. 1889ರ ಅಕ್ಟೋಬರ್ 11ರಂದೇ ಜೂಲ್ ತೀರಿಕೊಂಡರು. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಎಷ್ಟು ಪೌಂಡ್ ಭಾರ ಒಂದು ಅಡಿ ಇಳಿಯಬೇಕೆಂಬ ಅವರ ಅಳತೆ, 772.55, ಅವರ ಸಮಾಧಿಯ ಕಲ್ಲಿನ ಮೇಲಿದೆ.

ಹಿಂದಿನ ದಿನದ ವಾಕ್ಯವನ್ನು ಆ ಹುಡುಗನ ಕೈಯಿಂದಲೇ ತಿದ್ದಿಸಿದೆ. ವೋಲ್ಟ್ ಕಲಿಸುವ ಸಹಪಾಠಿಗಳಿಗೆ ನನ್ನ ಸಲಹೆ ಇಷ್ಟೆ: ಪ್ರತಿ ಕೂಲಂಬ್‌ಗೆ ಎಂಬ ಮಾತನ್ನು ಬಿಡಬೇಡಿ, ಎರಡು ಅಳತೆಯ ಸೆಲ್‌ಗಳನ್ನು ತರಗತಿಗೆ ಒಯ್ಯಿರಿ.