ಕಡಲಿನ ಬಣ್ಣವನ್ನು ಪ್ರಶ್ನಿಸಿದ ಸರ್ ಸಿ.ವಿ. ರಾಮನ್



ನಮ್ಮ ಹುಲ್ಲಹಳ್ಳಿಯಲ್ಲಿ ಕಪಿಲಾ ನದಿಯನ್ನು ನೋಡದೆ ಬೆಳೆದ ಮಕ್ಕಳಿಲ್ಲ. ಮಳೆಗಾಲದಲ್ಲಿ ಕದಡಿ ಕೆಂಪಾಗಿ ಹರಿಯುವ ನೀರು ಬೇಸಿಗೆಯಲ್ಲಿ ತಿಳಿಯಾಗುತ್ತದೆ. ಹೀಗೇಕೆ ಎಂದು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ದಿನವೂ ಕಾಣುವ ಸಂಗತಿಯನ್ನು ಏಕೆ ಎಂದು ಕೇಳುವ ಅಭ್ಯಾಸವೇ ಒಬ್ಬ ಸರ್ಕಾರಿ ಲೆಕ್ಕಾಧಿಕಾರಿಯನ್ನು ನೊಬೆಲ್ ಪ್ರಶಸ್ತಿಯವರೆಗೆ ಕರೆದೊಯ್ದಿತು. ಅವರೇ ಸರ್ ಚಂದ್ರಶೇಖರ ವೆಂಕಟರಾಮನ್.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯ ಬಳಿ. ತಂದೆ ಕಾಲೇಜು ಅಧ್ಯಾಪಕರು. ಮನೆಯಲ್ಲಿ ಹಣಕ್ಕಿಂತ ಪುಸ್ತಕಗಳೇ ಹೆಚ್ಚು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1907ರಲ್ಲಿ ಎಂ.ಎ. ಮುಗಿಸಿದಾಗ ಅವರಿಗಿನ್ನೂ 18 ವರ್ಷ. ಆ ಕಾಲದಲ್ಲಿ ವಿಜ್ಞಾನ ಕಲಿತವರಿಗೆ ನಮ್ಮ ದೇಶದಲ್ಲಿ ಸಂಶೋಧನೆಯ ಅವಕಾಶ ತೀರಾ ಕಡಿಮೆ. ಹಾಗಾಗಿ ಅವರು ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಕಲ್ಕತ್ತಾದಲ್ಲಿ ದೊಡ್ಡ ಹುದ್ದೆಗೆ ಸೇರಿದರು.

ಹುದ್ದೆ ಸಿಕ್ಕಿತೆಂದು ಓದು ನಿಲ್ಲಿಸುವವರೇ ಹೆಚ್ಚು. ರಾಮನ್ ಹಾಗೆ ಮಾಡಲಿಲ್ಲ. ಕಚೇರಿಗೆ ಮುಂಚೆ ಮತ್ತು ಕಚೇರಿ ಬಿಟ್ಟ ಮೇಲೆ, ಬೌಬಜಾರ್ ಬೀದಿಯ ವಿಜ್ಞಾನ ಸಂಘದ ಪ್ರಯೋಗಾಲಯದಲ್ಲಿ ದುಡಿದರು. ಪಿಟೀಲು, ಮೃದಂಗ, ತಬಲಗಳ ನಾದವನ್ನು ಪರೀಕ್ಷಿಸಿದರು. ನೀವು ತಬಲದ ನಡುವೆ ಕಪ್ಪು ವೃತ್ತವನ್ನು ನೋಡಿರಬಹುದು. ಶಾಯಿಯ ಬಣ್ಣದ ಅದನ್ನು ಉರ್ದುವಿನಲ್ಲಿ ಸ್ಯಾಹಿ ಎನ್ನುತ್ತೇವೆ. ಬರೀ ಚರ್ಮ ಬಿಗಿದ ವಾದ್ಯದಿಂದ ಸದ್ದು ಮಾತ್ರ ಹೊರಡುತ್ತದೆ; ಈ ಲೇಪನದ ಭಾರದಿಂದಾಗಿ ತಬಲದಲ್ಲಿ ಸ್ವರಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಹೆಸರು ಉಳಿಯದ ಕುಶಲಕರ್ಮಿಗಳ ಈ ಜಾಣ್ಮೆಯನ್ನು ರಾಮನ್ 1920ರಲ್ಲಿ ಜಗತ್ತಿನ ವಿಜ್ಞಾನಿಗಳ ಮುಂದಿಟ್ಟರು. ಅಷ್ಟರಲ್ಲಿ, ಅಂದರೆ 1917ರಲ್ಲೇ, ಅವರು ದೊಡ್ಡ ಸಂಬಳದ ಸರ್ಕಾರಿ ಕೆಲಸ ಬಿಟ್ಟು ಕಡಿಮೆ ಸಂಬಳಕ್ಕೆ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದರು.

1921ರಲ್ಲಿ ಇಂಗ್ಲೆಂಡಿಗೆ ಹೋಗಿ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ದಟ್ಟ ನೀಲಿ ಅವರ ಗಮನ ಸೆಳೆಯಿತು. ಆಕಾಶದ ಪ್ರತಿಬಿಂಬದಿಂದ ಕಡಲು ನೀಲಿ ಎಂದು ರ‍್ಯಾಲೆಯಂಥ ಮಹಾ ವಿಜ್ಞಾನಿ ಹೇಳಿದ್ದರು. ದೊಡ್ಡವರು ಹೇಳಿದ್ದಾರೆಂದು ರಾಮನ್ ಸುಮ್ಮನಾಗಲಿಲ್ಲ. ಪ್ರತಿಫಲಿತ ಬೆಳಕನ್ನು ತಡೆಯುವ ಪುಟ್ಟ ಪಟ್ಟಕವೊಂದು ಅವರ ಬಳಿಯಿತ್ತು. ಅದರ ಮೂಲಕ ನೋಡಿದರು. ಆಕಾಶದ ಪ್ರತಿಬಿಂಬ ಮಾಯವಾದರೂ ನೀಲಿ ಹೋಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬುದು ಅವರಿಗೆ ಮನದಟ್ಟಾಯಿತು.

ಅಲ್ಲಿಂದ ಏಳು ವರ್ಷಗಳ ಶ್ರಮ. ಶಿಷ್ಯ ಕೆ.ಎಸ್. ಕೃಷ್ಣನ್ ಅವರೊಡನೆ ಸರಳ ಸಲಕರಣೆಗಳಿಂದಲೇ ಪ್ರಯೋಗ ನಡೆಸಿ, 1928ರ ಫೆಬ್ರವರಿ 28ರಂದು ಹೊಸ ಸತ್ಯವೊಂದನ್ನು ಕಂಡರು. ಒಂದೇ ಬಣ್ಣದ ಬೆಳಕು ವಸ್ತುವಿನ ಮೇಲೆ ಬಿದ್ದಾಗ ಚದುರುವ ಬೆಳಕಿನಲ್ಲಿ ಬಹುಪಾಲು ಅದೇ ಬಣ್ಣದಲ್ಲಿರುತ್ತದೆ. ಅತ್ಯಲ್ಪ ಭಾಗ ಮಾತ್ರ ಅಣುಗಳೊಡನೆ ಶಕ್ತಿಯನ್ನು ಕೊಟ್ಟು ತೆಗೆದುಕೊಂಡು ಬಣ್ಣ ಬದಲಿಸುತ್ತದೆ. ಈ ಬದಲಾವಣೆ ಆಯಾ ವಸ್ತುವಿನ ಬೆರಳಚ್ಚು ಇದ್ದಂತೆ. ಇದೇ ರಾಮನ್ ಪರಿಣಾಮ. ಇಂದು ಔಷಧಿಯ ಶುದ್ಧತೆ, ರತ್ನಗಳ ಗುಣ ತಿಳಿಯಲು ಇದನ್ನು ಬಳಸುತ್ತಾರೆ. 2021ರಲ್ಲಿ ಮಂಗಳ ಗ್ರಹದಲ್ಲಿ ಇಳಿದ ಪರ್ಸಿವಿಯರೆನ್ಸ್ ರೋವರ್‌ನಲ್ಲೂ ಇದೇ ತತ್ತ್ವದ ಉಪಕರಣಗಳಿವೆ. 1930ರಲ್ಲಿ ರಾಮನ್ ನೊಬೆಲ್ ಪಡೆದರು. ವಿಜ್ಞಾನದಲ್ಲಿ ಆ ಗೌರವ ಪಡೆದ ಮೊದಲ ಏಷ್ಯನ್ನರು ಅವರು.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಕೊನೆಯವರೆಗೂ ಕನ್ನಡ ನಾಡೇ ಅವರ ಮನೆಯಾಯಿತು. ಆದರೆ ಇಲ್ಲಿ ಒಂದು ಕಹಿ ಸಂಗತಿಯನ್ನೂ ಹೇಳಬೇಕು. ಅದೇ ವರ್ಷ ಮುಂಬಯಿಯ ಕಮಲಾ ಭಾಗವತ್ ಎಂಬ ಪದವೀಧರೆ ಸಂಶೋಧನೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ರಾಮನ್ ಸೇರಿಸಿಕೊಳ್ಳಲಿಲ್ಲ. ಪ್ರಕೃತಿಯ ವಿಷಯದಲ್ಲಿ ಹಳೆಯ ಮಾತನ್ನು ಪರೀಕ್ಷಿಸದೆ ಒಪ್ಪದವರು, ಹೆಣ್ಣುಮಕ್ಕಳ ವಿಷಯದಲ್ಲಿ ಹಳೆಯ ಮಾತನ್ನೇ ನಂಬಿದ್ದರು. ಕಮಲಾ ಹಿಂದಿರುಗಲಿಲ್ಲ. ಪಟ್ಟು ಹಿಡಿದರು. ಒಂದು ವರ್ಷ ಕೆಲಸ ನೋಡಿದ ಮೇಲೆಯೇ ಮಾನ್ಯತೆ ಎಂಬ ಷರತ್ತಿಗೆ ಒಪ್ಪಿ ಸೇರಿ, ದುಡಿದು ತೋರಿಸಿದರು. ರಾಮನ್ ಅವರ ಕೆಲಸ ಮೆಚ್ಚಿ, ಬಾಗಿಲು ತೆರೆದರು. ಕಮಲಾ 1939ರಲ್ಲಿ ಕೇಂಬ್ರಿಡ್ಜ್‌ನಿಂದ ಪಿಎಚ್.ಡಿ. ಪಡೆದರು. ಮುಂದೆ ಕೇರಳದ ಅನ್ನಾ ಮಣಿ ರಾಮನ್ ಅವರ ಪ್ರಯೋಗಾಲಯದಲ್ಲೇ ವಜ್ರಗಳ ಮೇಲೆ ಸಂಶೋಧನೆ ಮಾಡಿ, ನಂತರ ಹವಾಮಾನ ಇಲಾಖೆಯಲ್ಲಿ ಉನ್ನತ ಅಧಿಕಾರಿಯಾದರು. ಪೋಷಕರೇ, ಎಸ್ಸೆಸ್ಸೆಲ್ಸಿ ಆಯಿತು, ಇನ್ನು ಸಾಕು ಎಂದು ಮಗಳಿಗೆ ಹೇಳುವ ಮುನ್ನ ಈ ಇಬ್ಬರನ್ನು ಒಮ್ಮೆ ನೆನೆಯಿರಿ.

1948ರಲ್ಲಿ ನಿವೃತ್ತರಾದ ರಾಮನ್, ಮೈಸೂರು ಸರ್ಕಾರ ನೀಡಿದ್ದ ಜಾಗದಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಆರಂಭಿಸಿದರು. ಸ್ವಾತಂತ್ರ್ಯಕ್ಕೆ ಧಕ್ಕೆ ಬರುವುದೆಂದು ಅದಕ್ಕೆ ಸರ್ಕಾರದ ಧನಸಹಾಯ ಬೇಡವೆಂದರು. 1954ರಲ್ಲಿ ಭಾರತರತ್ನ ಬಂದಿತು. ಇಳಿವಯಸ್ಸಿನಲ್ಲೂ ಹೂವುಗಳ ಬಣ್ಣ, ಕಣ್ಣು ಬಣ್ಣವನ್ನು ಗ್ರಹಿಸುವ ಬಗೆ ಅವರ ಅಧ್ಯಯನದ ವಿಷಯಗಳಾಗಿದ್ದವು. ಶಾಲಾ ಮಕ್ಕಳಿಗೆ ವಿಜ್ಞಾನ ಹೇಳುವುದೆಂದರೆ ಅವರಿಗೆ ಬಲು ಪ್ರೀತಿ. 1970ರ ನವೆಂಬರ್ 21ರಂದು ನಿಧನರಾದರು. ಸಂಸ್ಥೆಯ ಆವರಣದಲ್ಲೇ ಅಂತ್ಯಕ್ರಿಯೆ ನಡೆಯಿತು. ಅಲ್ಲಿ ಸಮಾಧಿಯ ಬದಲು ಒಂದು ಮರವಿದೆ.

ವಿದ್ಯಾರ್ಥಿಗಳೇ, 1987ರಿಂದ ಪ್ರತಿ ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುತ್ತೇವೆ. ಈ ಸಲ ಭಾಷಣ ಕೇಳಿ ಎದ್ದು ಹೋಗಬೇಡಿ. ಗಾಜಿನ ಲೋಟದ ನೀರಿಗೆ ಕೆಲವು ಹನಿ ಹಾಲು ಹಾಕಿ, ಕತ್ತಲ ಕೋಣೆಯಲ್ಲಿ ಒಂದು ಕಡೆಯಿಂದ ಟಾರ್ಚ್ ಬಿಡಿ. ಪಕ್ಕದಿಂದ ನೋಡಿದರೆ ನೀರು ತುಸು ನೀಲಿ, ಎದುರಿನಿಂದ ನೋಡಿದರೆ ಬೆಳಕು ಹಳದಿ ಕೆಂಪು. ಇದು ರಾಮನ್ ಪರಿಣಾಮವಲ್ಲ. ಆಕಾಶ ಹಗಲಲ್ಲಿ ನೀಲಿಯಾಗಿ ಸಂಜೆ ಕೆಂಪಾಗುವ ಬಗೆ. ಕಂಡದ್ದನ್ನು ಪುಸ್ತಕದಲ್ಲಿ ಬರೆದಿಟ್ಟು, ಏಕೆ ಹೀಗೆ ಎಂದು ನಿಮ್ಮ ವಿಜ್ಞಾನ ಶಿಕ್ಷಕರನ್ನು ಕೇಳಿ. ಮನೆಯಲ್ಲಿರುವ ತಂಗಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.